ಪಶುಸಂಗೋಪನೆ ಮತ್ತು ಫಾರ್ಮ್ ನಿರ್ವಹಣೆಯ ಡಿಪ್ಲೊಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಡಿಪ್ಲೊಮಾ ಯಾವುದು, ಕರ್ನಾಟಕದಲ್ಲಿ ಎಲ್ಲಿ ಕಲಿಸುತ್ತಾರೆ?

ದನ, ಎಮ್ಮೆ, ಕುರಿ, ಮೇಕೆ, ಹಂದಿ, ಕೋಳಿ ಇವುಗಳ ಸಾಕಣೆ, ಆಹಾರ, ಸಂತಾನಾಭಿವೃದ್ಧಿ, ಪ್ರಾಥಮಿಕ ಆರೈಕೆ ಹಾಗೂ ಇವೆಲ್ಲವನ್ನೂ ಲಾಭ ನಷ್ಟದ ಲೆಕ್ಕದೊಳಗೆ ತರುವ ಫಾರ್ಮ್ ನಿರ್ವಹಣೆಯನ್ನು ಕಲಿಸುವ ಎರಡು ವರ್ಷಗಳ ಕೋರ್ಸ್ ಇದು. ನಮ್ಮ ರಾಜ್ಯದಲ್ಲಿ ಇದು ‘ಪಶುಸಂಗೋಪನಾ ಡಿಪ್ಲೊಮಾ’ ಎಂಬ ಹೆಸರಿನಲ್ಲಿದೆ. 2004ರ ಕಾಯ್ದೆಯಂತೆ ರೂಪುಗೊಂಡ, ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಪಶುಸಂಗೋಪನಾ ಪಾಲಿಟೆಕ್ನಿಕ್‌ಗಳ ಮೂಲಕ ಇದನ್ನು ನಡೆಸುತ್ತದೆ. ತಿಪಟೂರು ತಾಲ್ಲೂಕಿನ ಕೋನೇಹಳ್ಳಿ, ಹಾವೇರಿ ಜಿಲ್ಲೆಯ ಶಿಗ್ಗಾವಿ ಮತ್ತು ಶಹಾಪುರ ತಾಲ್ಲೂಕಿನ ದೋರನಹಳ್ಳಿಯ ಪಾಲಿಟೆಕ್ನಿಕ್‌ಗಳು ಇವುಗಳಲ್ಲಿ ಸೇರಿವೆ.

ಯಾರು ಸೇರಬಹುದು?

ಎಸ್ಸೆಸ್ಸೆಲ್ಸಿ ಪಾಸಾದವರು ಅರ್ಜಿ ಹಾಕಬಹುದು, ಆಯ್ಕೆಗೆ ಆ ಪರೀಕ್ಷೆಯ ಅಂಕಗಳೇ ಆಧಾರ. ವಯೋಮಿತಿ, ಮೀಸಲಾತಿ, ಶುಲ್ಕ ಮತ್ತು ಸೀಟುಗಳ ಸಂಖ್ಯೆಯನ್ನು ವಿಶ್ವವಿದ್ಯಾಲಯ ಪ್ರತಿ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ತಿಳಿಸುತ್ತದೆ. ಹಿಂದಿನ ವರ್ಷ ಸೇರಿದವರ ಬಾಯಿಮಾತನ್ನು ನಂಬಿ ದಾಖಲೆ ಹೊಂದಿಸುವ ಬದಲು ಆ ಪ್ರಕಟಣೆಯನ್ನು ಕೊನೆಯ ಸಾಲಿನವರೆಗೂ ಓದುವುದು ಒಳ್ಳೆಯದು.

ಈ ಡಿಪ್ಲೊಮಾ ಮುಗಿಸಿದವರು ಪಶುವೈದ್ಯರಾಗುತ್ತಾರೆಯೇ?

ಇಲ್ಲ. ಈ ಪ್ರಶ್ನೆಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರಿಸುವುದರಿಂದ ಎಷ್ಟೋ ವಿದ್ಯಾರ್ಥಿಗಳು ತಪ್ಪು ನಿರೀಕ್ಷೆಯಿಂದ ಸೇರಿ ಎರಡನೇ ವರ್ಷದ ಹೊತ್ತಿಗೆ ನಿರಾಶರಾಗುತ್ತಾರೆ. ಪಶುವೈದ್ಯರಾಗಲು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿ ಹಾಗೂ ಪಶುವೈದ್ಯ ಪರಿಷತ್ತಿನ ನೋಂದಣಿ ಬೇಕು.

ಡಿಪ್ಲೊಮಾ ಪಡೆದವರ ಅಧಿಕಾರದ ಮಿತಿಯನ್ನು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಂ ಹೇಳುತ್ತದೆ. ಅದರ ಪ್ರಕಾರ, ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ಕೊಟ್ಟಲ್ಲಿ, ಇಂಥ ಡಿಪ್ಲೊಮಾ ಅಥವಾ ಪ್ರಮಾಣಪತ್ರ ಉಳ್ಳವರು ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ‘ಸಣ್ಣ ಪಶುವೈದ್ಯ ಸೇವೆ’ಗಳನ್ನು ಮಾತ್ರ ನೀಡಬಹುದು. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಮದ್ದು ಕಟ್ಟುವುದು ಮತ್ತು ಸರ್ಕಾರ ಸೂಚಿಸಿದ ಇತರ ಪ್ರಾಥಮಿಕ ಚಿಕಿತ್ಸೆಗಳು ಇದರಲ್ಲಿ ಬರುತ್ತವೆ. ಹಳ್ಳಿಯಲ್ಲಿ ಚೀಲ ಹಿಡಿದು ಬಂದವರನ್ನೆಲ್ಲ ಜನ ‘ಡಾಕ್ಟ್ರೇ’ ಎಂದೇ ಕರೆಯುತ್ತಾರೆ. ಆ ಗೌರವವನ್ನು ಸ್ವೀಕರಿಸುವುದು ಬೇರೆ, ಆ ಹೆಸರಿನ ಬಲದಲ್ಲಿ ಆ್ಯಂಟಿಬಯೋಟಿಕ್ ಚುಚ್ಚುವುದು ಬೇರೆ.

ಆದರೆ ಇದನ್ನು ಪದವಿಯ ಕಿರಿಯ ಆವೃತ್ತಿ ಎಂದು ನೋಡುವುದೂ ಸರಿಯಲ್ಲ. ಪಶುವೈದ್ಯರ ಓದಿನ ಬಹುಪಾಲು ರೋಗದ ಸುತ್ತ ಸುತ್ತಿದರೆ, ಈ ಓದಿನ ತಿರುಳು ಆರೋಗ್ಯವಾಗಿರುವ ಪ್ರಾಣಿಯ ದಿನಚರಿಯಲ್ಲಿದೆ: ಅದು ಏನು ತಿಂದಿತು, ಎಷ್ಟು ಹಾಲು ಕೊಟ್ಟಿತು, ಯಾವಾಗ ಬೆದೆಗೆ ಬಂದಿತು, ಅದರ ಮೇಲೆ ಇಂದು ಎಷ್ಟು ಖರ್ಚಾಯಿತು ಎಂಬುದರಲ್ಲಿ.

ಎರಡು ವರ್ಷಗಳಲ್ಲಿ ಏನೇನು ಕಲಿಯುತ್ತಾರೆ?

ಸ್ಥೂಲವಾಗಿ ಹೇಳುವುದಾದರೆ ಪ್ರಾಣಿಗಳ ಅಂಗರಚನೆ ಮತ್ತು ಶರೀರಕ್ರಿಯೆ, ತಳಿಗಳು, ಮೇವಿನ ಬೆಳೆ ಮತ್ತು ಪೋಷಣೆ, ಕೊಟ್ಟಿಗೆ ನಿರ್ಮಾಣ, ಸಂತಾನೋತ್ಪತ್ತಿ, ಹೈನು ಉತ್ಪನ್ನಗಳು, ಕುರಿ ಮೇಕೆ ಕೋಳಿ ಹಂದಿ ಸಾಕಣೆ, ಸಾಮಾನ್ಯ ರೋಗಗಳ ಗುರುತು ಮತ್ತು ತಡೆ, ಪ್ರಥಮ ಚಿಕಿತ್ಸೆ, ರೈತರಿಗೆ ತಿಳಿವಳಿಕೆ ತಲುಪಿಸುವ ವಿಸ್ತರಣಾ ಕಾರ್ಯ ಮತ್ತು ಫಾರ್ಮ್ ಅರ್ಥಶಾಸ್ತ್ರ ಇಲ್ಲಿನ ವಿಷಯಗಳು. ತರಗತಿಯಷ್ಟೇ ಸಮಯ ಕೊಟ್ಟಿಗೆಯಲ್ಲಿ ಕಳೆಯಬೇಕಾಗುತ್ತದೆ. ಸಗಣಿ ಮುಟ್ಟಲು ಹಿಂಜರಿಯುವವರಿಗೆ, ಬೆಳಗಿನ ಜಾವ ಏಳಲಾಗದವರಿಗೆ ಈ ಕೋರ್ಸ್ ಒಗ್ಗುವುದಿಲ್ಲ.

ನಮ್ಮ ಮನೆಯಲ್ಲಿ ತಲೆತಲಾಂತರದಿಂದ ದನ ಸಾಕಿದ್ದೇವೆ. ಕಲಿಯಲು ಹೊಸದೇನಿದೆ?

ರೂಢಿಯಿಂದ ಬಂದ ತಿಳಿವಳಿಕೆ ದೊಡ್ಡ ಆಸ್ತಿ. ಹಸುವಿನ ಕಣ್ಣು ಕಿವಿ ನೋಡಿಯೇ ಇಂದು ಏನೋ ಸರಿಯಿಲ್ಲ ಎಂದು ಹೇಳುವ ಹಿರಿಯರ ಮುಂದೆ ಯಾವ ಪಠ್ಯವೂ ನಿಲ್ಲದು. ಆದರೆ ರೂಢಿಯಲ್ಲಿ ಉಪಕಾರಿಯೂ ಇದೆ, ಅಪಕಾರಿಯೂ ಇದೆ, ಎರಡನ್ನೂ ಬೇರ್ಪಡಿಸಲು ಕಾರಣ ತಿಳಿದಿರಬೇಕು.

ಗಿಣ್ಣು ಹಾಲಿನ ವಿಷಯವನ್ನೇ ತೆಗೆದುಕೊಳ್ಳಬಹುದು. ಕಸ, ಅಂದರೆ ಕರು ಹಾಕಿದ ಮೇಲೆ ಹೊರಬರುವ ಮಾಸು, ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಎಂಬ ರೂಢಿ ಹಲವು ಮನೆಗಳಲ್ಲಿದೆ. ಹಸುವಿನಲ್ಲಿ ರೋಗನಿರೋಧಕ ಪ್ರತಿಕಾಯಗಳು ಗರ್ಭದಲ್ಲಿರುವಾಗ ಕರುವಿಗೆ ದಾಟಿ ಬರುವುದಿಲ್ಲ, ಅವು ಬರುವುದು ಗಿಣ್ಣು ಹಾಲಿನ ಮೂಲಕವೇ. ಅವನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚಿದ್ದು, ಸುಮಾರು 24 ಗಂಟೆಗಳಲ್ಲಿ ಬಹುತೇಕ ಮುಗಿದುಹೋಗುತ್ತದೆ. ಆದ್ದರಿಂದ ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು ಕುಡಿಸಬೇಕು, ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕೆ.ಜಿ. ಕರುವಿಗೆ ಸುಮಾರು 3 ಲೀಟರ್, ಹೊಟ್ಟೆಗೆ ಹೋಗಬೇಕು. ಕಸಕ್ಕಾಗಿ ಕಾದ ಕರು ತಿಂಗಳೊಳಗೆ ಭೇದಿಯಿಂದ ಸತ್ತರೆ ಮನೆಯವರು ದೃಷ್ಟಿಯನ್ನೋ ಹವೆಯನ್ನೋ ದೂರುತ್ತಾರೆ.

ಮೇವೂ ಹಾಗೆಯೇ. ‘ಹೊಟ್ಟೆ ತುಂಬ ಹಾಕುತ್ತೇವೆ’ ಎಂಬ ಮಾತಿನಲ್ಲಿ ಲೆಕ್ಕವಿಲ್ಲ. 400 ಕೆ.ಜಿ. ತೂಕದ, ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿಗೆ ತೂಕದ ಶೇ. 3ರಂತೆ ಸುಮಾರು 12 ಕೆ.ಜಿ. ಒಣ ಪದಾರ್ಥ, ಅಂದರೆ ನೀರಿನಂಶ ಕಳೆದು ಉಳಿಯುವ ಮೇವು, ಬೇಕು. ದೇಹ ನಿರ್ವಹಣೆಗೆ ಒಂದೂವರೆ ಕಿಲೋ, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬ ಪ್ರಚಲಿತ ಲೆಕ್ಕದಂತೆ ಐದೂವರೆ ಕಿಲೋ ಪಶು ಆಹಾರ ಕೊಟ್ಟರೆ ಅದರಿಂದ ಸುಮಾರು 5 ಕೆ.ಜಿ. ಒಣ ಪದಾರ್ಥ ಸಿಗುತ್ತದೆ. ಉಳಿದ 7 ಕೆ.ಜಿ.ಯಲ್ಲಿ 20 ಕೆ.ಜಿ. ಹಸಿರು ಮೇವಿನಿಂದ 4, ಮೂರು ಕಿಲೋಗಿಂತ ತುಸು ಹೆಚ್ಚು ರಾಗಿ ಹುಲ್ಲಿನಿಂದ 3 ಬರುತ್ತದೆ. ಹಸಿರು ಮೇವಿನ ಐದನೇ ನಾಲ್ಕು ಭಾಗ ನೀರೇ ಎಂಬುದು ಒಮ್ಮೆ ಮನಸ್ಸಿಗೆ ಹತ್ತಿದರೆ, ದೊಡ್ಡ ಹೊರೆ ಕಂಡು ಸಮಾಧಾನಪಡುವ ಅಭ್ಯಾಸ ಹೋಗುತ್ತದೆ. ಜೋಳದ ಮೇವಿನ ಜೊತೆ ಅಲಸಂದೆ, ಕುದುರೆ ಮೆಂತೆಯಂಥ ದ್ವಿದಳ ಮೇವು ಸೇರಿದರೆ ಹಿಂಡಿಯ ಖರ್ಚು ಇಳಿಯುತ್ತದೆ. ಬೇಸಿಗೆಗೆಂದು ಮುಸುಕಿನ ಜೋಳವನ್ನು ಗಾಳಿಯಾಡದಂತೆ ಹುದುಗಿಸಿ ರಸಮೇವು (ಸೈಲೇಜ್) ಮಾಡಿಡುವುದನ್ನು ಕೈಯಾರೆ ಕಲಿತವರು ಬರದ ವರ್ಷದಲ್ಲಿ ಬೂಸಾ ಅಂಗಡಿಯ ಸಾಲಕ್ಕೆ ಬೀಳುವ ಸಂಭವ ಕಡಿಮೆ.

ದನ ಸಾಕುವುದನ್ನು ಕಲಿಯುವುದು ಅವಮಾನವೆಂದು ಭಾವಿಸುವವರು ಒಂದು ಸಂಗತಿ ನೆನೆಯಬಹುದು. 1927ರಲ್ಲಿ ಆರೋಗ್ಯ ಸುಧಾರಣೆಗೆಂದು ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿ, ಇಂದು ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಾಗಿರುವ ಆಡುಗೋಡಿಯ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ಗೋಪಾಲನೆಯ ಪಾಠ ಕೇಳಿದ್ದರು.

ಫಾರ್ಮ್ ನಿರ್ವಹಣೆ ಎಂದರೆ ಲೆಕ್ಕ ಬರೆಯುವುದಷ್ಟೇ ಅಲ್ಲವೇ?

ಲೆಕ್ಕ ಬರೆಯುವುದೇ, ಆದರೆ ‘ಅಷ್ಟೇ’ ಎನ್ನುವಂಥದ್ದಲ್ಲ. ಈ ಕೋರ್ಸಿನ ಅತ್ಯಂತ ಬೆಲೆಯುಳ್ಳ ಭಾಗ ಇದೇ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಅತ್ಯಂತ ಕಡಿಮೆ ಗಮನ ಕೊಡುವುದೂ ಇದಕ್ಕೇ.

ಹೈನುಗಾರಿಕೆಯ ಖರ್ಚಿನಲ್ಲಿ ಶೇ. 60ರಿಂದ 70ರಷ್ಟು ಮೇವು ಮತ್ತು ಆಹಾರಕ್ಕೇ ಹೋಗುತ್ತದೆ. ಡೇರಿಯಿಂದ ಬರುವ ಹಣ ಕಣ್ಣಿಗೆ ಕಾಣುತ್ತದೆ. ಮನೆಯ ಹೊಲದ ಹುಲ್ಲು, ಮನೆಯವರ ದುಡಿಮೆ, ಕೊಟ್ಟಿಗೆಯ ಮತ್ತು ಹಸುವಿನ ಸವಕಳಿ, ಸಾಲದ ಬಡ್ಡಿ ಕಾಣುವುದಿಲ್ಲ. ಇವನ್ನೆಲ್ಲ ಸೇರಿಸಿ ಒಂದು ಲೀಟರ್ ಹಾಲಿಗೆ ತಗಲುವ ಖರ್ಚನ್ನು ಕಂಡುಹಿಡಿಯುವವರೆಗೆ ಲಾಭದ ಮಾತು ಊಹೆಯೇ ಸರಿ.

ಕಾಣದ ನಷ್ಟಗಳಲ್ಲಿ ದೊಡ್ಡದು ಬರಡು ದಿನಗಳದ್ದು. ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ರಾತ್ರಿ ಬೆದೆಗೆ ಬಂದದ್ದನ್ನು ಯಾರೂ ಗಮನಿಸದಿದ್ದರೆ ಮತ್ತೆ 21 ದಿನ ಕಾಯಬೇಕು. ಒಂದು ಹಸುವಿನ ದಿನದ ಖರ್ಚು 200 ರೂಪಾಯಿ ಎಂದೇ ಇಟ್ಟುಕೊಂಡರೂ ತಪ್ಪಿದ ಒಂದು ಬೆದೆಯ ಬೆಲೆ 4,200 ರೂಪಾಯಿ. ಹತ್ತು ಹಸುಗಳ ಫಾರ್ಮಿನಲ್ಲಿ ಪ್ರತಿ ಹಸುವಿಗೆ ವರ್ಷಕ್ಕೆ ಎರಡು ಬೆದೆ ತಪ್ಪಿದರೆ 84,000 ರೂಪಾಯಿ ಸದ್ದಿಲ್ಲದೆ ಸೋರಿಹೋಗುತ್ತದೆ. ಎರಡು ಕರುಗಳ ನಡುವಿನ ಅಂತರವನ್ನು 13 ಅಥವಾ 14 ತಿಂಗಳೊಳಗೆ ಹಿಡಿದಿಡುವುದು ನಿರ್ವಹಣೆಯ ಮುಖ್ಯ ಗುರಿ, ಅದಕ್ಕೆ ಬೇಕಾದದ್ದು ಬೆದೆ, ಗರ್ಭಧಾರಣೆ, ಗಬ್ಬದ ತಪಾಸಣೆ ಮತ್ತು ಕರು ಹಾಕಿದ ದಿನಾಂಕಗಳನ್ನು ಬರೆದಿಟ್ಟ ಒಂದು ನೋಟ್‌ಬುಕ್ ಮತ್ತು ಅದನ್ನು ಪ್ರತಿ ದಿನ ತೆರೆಯುವ ಶಿಸ್ತು.

ಹಾಲಿನ ದಾಖಲೆಯೂ ಇಷ್ಟೇ ಮುಖ್ಯ. ಎಲ್ಲ ಹಸುಗಳ ಹಾಲನ್ನು ಒಂದೇ ಕ್ಯಾನಿಗೆ ಸುರಿದು ಒಟ್ಟು ಲೀಟರ್ ಮಾತ್ರ ನೋಡುವವರಿಗೆ ಯಾವ ಹಸು ಇನ್ನೊಂದರ ದುಡಿಮೆಯನ್ನು ತಿನ್ನುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಒಂದು ಹಸುವಿನ ಹಾಲು ಎರಡು ದಿನ ಸತತ ಇಳಿದರೆ ಮೊದಲು ಕೆಚ್ಚಲು ಬಾವನ್ನು ಶಂಕಿಸಬೇಕು. ಹೊರಗೆ ಊತ ಕಾಣದ ಕೆಚ್ಚಲು ಬಾವು ಕಾಣುವ ಬಾವಿಗಿಂತ ಹೆಚ್ಚು ಸಾಮಾನ್ಯ, ಅದನ್ನು ಹಿಡಿಯುವುದು ದಾಖಲೆ ಮತ್ತು ಕೊಟ್ಟಿಗೆಯಲ್ಲೇ ಮಾಡಬಹುದಾದ ಸಿ.ಎಂ.ಟಿ. (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್) ಎಂಬ ಹಾಲಿನ ಪರೀಕ್ಷೆ.

ಗಂಡು ಕರುಗಳನ್ನೂ ಹಾಲು ಬತ್ತಿದ ಹಸುಗಳನ್ನೂ ಏನು ಮಾಡುವುದು ಎಂಬ ಪ್ರಶ್ನೆಯಿಂದ ನುಣುಚಿಕೊಂಡು ಹೈನು ಫಾರ್ಮಿನ ಯೋಜನೆ ಬರೆಯಲಾಗದು. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ನಂತರ ಈ ಲೆಕ್ಕ ಬದಲಾಗಿದೆ. ಸುಮಾರು ಶೇ. 90ರಷ್ಟು ಹೆಣ್ಣು ಕರುಗಳನ್ನೇ ಕೊಡುವ ಲಿಂಗ ನಿರ್ಧರಿತ ವೀರ್ಯದ ನಳಿಕೆಗಳಿಗೆ ಬೇಡಿಕೆ ಬಂದಿರುವುದರ ಹಿಂದೆ ಈ ಚಿಂತೆಯೂ ಇದೆ.

ಕೃತಕ ಗರ್ಭಧಾರಣೆಯನ್ನು ಕಲಿಸುತ್ತಾರೆಯೇ?

ಕಲಿಸುತ್ತಾರೆ, ಆದರೆ ಕೈ ಪಳಗಲು ಕೋರ್ಸಿನ ಆಚೆಗೂ ಅಭ್ಯಾಸ ಬೇಕು. ವೀರ್ಯ ನಳಿಕೆಗಳು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿರುತ್ತವೆ. ನಳಿಕೆಯನ್ನು ಜಾಡಿಯ ಕತ್ತಿನಿಂದ ಮೇಲೆತ್ತಿ ಹುಡುಕುತ್ತ ನಿಂತರೆ ವೀರ್ಯಾಣುಗಳು ಅಲ್ಲೇ ಸಾಯುತ್ತವೆ, 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಕರಗಿಸದೆ ಅಂಗೈಯಲ್ಲಿ ಉಜ್ಜಿದರೂ ನಷ್ಟವೇ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಎಂಬುದು ಹಳೆಯ ಸೂತ್ರ. ‘ಗಬ್ಬ ನಿಲ್ಲುತ್ತಿಲ್ಲ’ ಎಂಬ ದೂರು ಬಂದಾಗ ಎಲ್ಲರೂ ಹಸುವನ್ನೇ ದೂಷಿಸುತ್ತಾರೆ. ಜಾಡಿಯಲ್ಲಿ ಸಾರಜನಕ ಎಷ್ಟು ಉಳಿದಿದೆ ಎಂದು ಕಡ್ಡಿ ಇಳಿಸಿ ನೋಡುವವರು ಕಡಿಮೆ.

ನಾಟಿ ತಳಿಗಳ ಬಗ್ಗೆ ಕಲಿಯುವುದರಿಂದ ಉಪಯೋಗವಿದೆಯೇ?

ಇದೆ, ಆದರೆ ಭಾವುಕತೆಯನ್ನು ಪಕ್ಕಕ್ಕಿಟ್ಟು ಕಲಿಯಬೇಕು. ಹಳ್ಳಿಕಾರ್, ಅಮೃತ ಮಹಲ್, ಖಿಲಾರಿ ಮುಖ್ಯವಾಗಿ ದುಡಿಮೆಯ ತಳಿಗಳು, ಅವುಗಳಿಂದ ಡೇರಿ ಹಾಲನ್ನು ನಿರೀಕ್ಷಿಸುವುದು ತಳಿಗೂ ರೈತನಿಗೂ ಅನ್ಯಾಯ. ಬೀದರ್ ಭಾಗದ ದೇವಣಿ ಹಾಲು ಮತ್ತು ದುಡಿಮೆ ಎರಡಕ್ಕೂ ಆಗುತ್ತದೆ. ಮಲೆನಾಡು ಗಿಡ್ಡ ಭಾರೀ ಮಳೆಯಲ್ಲೂ ಬೆಟ್ಟದ ಹುಲ್ಲನ್ನೇ ಮೇಯ್ದು ಬದುಕುವ ಹಸು. ಕಡಿಮೆ ಖರ್ಚಿನಲ್ಲಿ ಮನೆಗೆ ಬೇಕಾದಷ್ಟು ಹಾಲು ಕೊಡುವುದೇ ಅದರ ಹೆಚ್ಚುಗಾರಿಕೆ. ಯಾವ ತಳಿ ಶ್ರೇಷ್ಠ ಎಂಬ ಜಗಳಕ್ಕಿಂತ ಈ ನೆಲ, ಈ ಮೇವು, ಈ ಮಾರುಕಟ್ಟೆಗೆ ಯಾವುದು ಹೊಂದುತ್ತದೆ ಎಂಬುದು ಈ ಓದಿನ ಪ್ರಶ್ನೆ.

ಹಸು ಬಿಟ್ಟು ಕುರಿ, ಕೋಳಿ, ಹಂದಿಗಳಿಗೂ ಮಹತ್ವವಿದೆಯೇ?

2019ರ ಜಾನುವಾರು ಗಣತಿಯಲ್ಲಿ ದೇಶದ ಒಟ್ಟು ಜಾನುವಾರು 53 ಕೋಟಿಗೂ ಹೆಚ್ಚು, ಕರ್ನಾಟಕದ ಕುರಿಗಳೇ ಸುಮಾರು 1.1 ಕೋಟಿ. ಬನ್ನೂರು, ಡೆಕ್ಕನಿ, ಕೆಂಗುರಿ ತಳಿಗಳ ನಾಡಿನಲ್ಲಿ ಕುರಿಯ ಅಧ್ಯಾಯವನ್ನು ಪರೀಕ್ಷೆಗಷ್ಟೇ ಓದುವುದು ದಡ್ಡತನ. ಕುರಿ ಸುಮಾರು 150 ದಿನ ಗಬ್ಬ ಹೊರುತ್ತದೆ, ಬಂಡವಾಳ ಬೇಗ ಕೈಗೆ ಬರುತ್ತದೆ, ಆದರೆ ಮಳೆಗಾಲಕ್ಕೆ ಮೊದಲು ಕರುಳು ಬೇನೆಯ ಲಸಿಕೆ ತಪ್ಪಿದರೆ ಹೊಸ ಚಿಗುರು ಮೇಯ್ದ ಹಿಂಡಿನಲ್ಲಿ ಒಂದೇ ರಾತ್ರಿ ಹಲವು ಮರಿಗಳು ಸಾಯಬಹುದು. ಮಾಂಸದ ಕೋಳಿ ಸಾಕಣೆ ಬಹುತೇಕ ಕಂಪನಿಗಳ ಗುತ್ತಿಗೆಯಲ್ಲಿ ನಡೆಯುವುದರಿಂದ ಅಲ್ಲಿ ಎಷ್ಟು ಆಹಾರಕ್ಕೆ ಎಷ್ಟು ತೂಕ ಬಂದಿತು ಎಂಬ ಅನುಪಾತವೇ ರೈತನ ಕೂಲಿಯನ್ನು ನಿರ್ಧರಿಸುತ್ತದೆ. ಹಂದಿ 114 ದಿನಕ್ಕೆ ಮರಿ ಹಾಕುತ್ತದೆ, ಮಾರುಕಟ್ಟೆ ಹತ್ತಿರವಿದ್ದರೆ ಲಾಭವಿದೆ.

ಈ ಕೆಲಸದಲ್ಲಿ ಅಪಾಯಗಳಿವೆಯೇ?

ಇವೆ, ಮತ್ತು ಒದೆತ, ಹಾಯುವಿಕೆಗಿಂತ ದೊಡ್ಡವು ಕಣ್ಣಿಗೆ ಕಾಣುವುದಿಲ್ಲ. ಕಂದು ಹಾಕುವ (ಗಬ್ಬ ಅವಧಿಗೆ ಮುನ್ನವೇ ಬಿದ್ದುಹೋಗುವ) ರೋಗ, ಅಂದರೆ ಬ್ರುಸೆಲ್ಲೋಸಿಸ್, ಮನುಷ್ಯರಿಗೂ ಹರಡಿ ತಿಂಗಳುಗಟ್ಟಲೆ ಮರುಕಳಿಸುವ ಜ್ವರ ಮತ್ತು ಕೀಲುನೋವು ತರುತ್ತದೆ. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಎಳೆಯುವುದು ಈ ವೃತ್ತಿಯಲ್ಲಿ ಅತ್ಯಂತ ಸಾಮಾನ್ಯವಾದ, ಅತ್ಯಂತ ದುಬಾರಿಯಾದ ಉದಾಸೀನ. ಉದ್ದ ಕೈಗವಸು ಸಿಗದಿದ್ದರೆ ಆ ಕೆಲಸಕ್ಕೆ ಕೈ ಹಾಕಬಾರದು. ಈ ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುತ್ತಾರೆ. ಅದು ಜೀವಂತ ಲಸಿಕೆಯಾದ್ದರಿಂದ ಹಾಕುವವರೇ ತಮಗೆ ಚುಚ್ಚಿಕೊಂಡರೆ ಅವರಿಗೂ ಸೋಂಕು ತಗಲಬಹುದು. ಹಠಾತ್ತನೆ ಸತ್ತು ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿರುವ ಹೆಣವನ್ನು ಕೊಯ್ಯಲೇಬಾರದು, ಅದು ನೆರಡಿ ಅಥವಾ ಆಂಥ್ರಾಕ್ಸ್ ಆಗಿರಬಹುದು. ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆಯನ್ನು ವಿದ್ಯಾರ್ಥಿಗಳು ಮೊದಲ ವರ್ಷವೇ ವೈದ್ಯರ ಸಲಹೆಯಂತೆ ಹಾಕಿಸಿಕೊಳ್ಳುವುದು ವಿವೇಕ. ಈ ರೋಗದಿಂದಲೇ ಬಾಯಲ್ಲಿ ಜೊಲ್ಲು ಸುರಿಸುತ್ತಿರಬಹುದಾದ ಎಮ್ಮೆಯ ಗಂಟಲಿಗೆ ಏನೋ ಸಿಕ್ಕಿದೆ ಎಂದು ಬರಿಗೈ ಹಾಕಿ ನೋಡುವ ಸಂದರ್ಭ ಎಲ್ಲರಿಗೂ ಒಮ್ಮೆಯಾದರೂ ಬರುತ್ತದೆ.

ಹೆಣ್ಣುಮಕ್ಕಳು ಸೇರಬಹುದೇ?

ಖಂಡಿತವಾಗಿ. ಹಳ್ಳಿಗಳಲ್ಲಿ ಹಾಲು ಕರೆಯುವುದರಿಂದ ಹಿಡಿದು ಕರು ನೋಡಿಕೊಳ್ಳುವವರೆಗೆ ಬಹುಪಾಲು ಕೆಲಸ ಹೆಂಗಸರದೇ, ರಾಜ್ಯದಲ್ಲಿ ಮಹಿಳೆಯರೇ ನಡೆಸುವ ಹಾಲು ಉತ್ಪಾದಕರ ಸಂಘಗಳೂ ಇವೆ. ಮನೆಯ ಹೆಂಗಸರ ಜೊತೆ ಕೊಟ್ಟಿಗೆಯಲ್ಲೇ ಕುಳಿತು ಮಾತಾಡಬಲ್ಲ ಸಿಬ್ಬಂದಿಗೆ ಸಿಗುವ ಮಾಹಿತಿ ಜಗಲಿಯಲ್ಲಿ ಗಂಡಸರನ್ನು ಕೇಳುವವರಿಗೆ ಸಿಗದು.

ಇಂಗ್ಲಿಷ್ ಬಾರದಿದ್ದರೆ ಕಷ್ಟವಾಗುತ್ತದೆಯೇ?

ಔಷಧಿ ಮತ್ತು ಲಸಿಕೆಗಳ ಹೆಸರು, ಅಂಗಗಳ ಹೆಸರು, ಆನ್‌ಲೈನ್ ದಾಖಲಾತಿ ಇಂಗ್ಲಿಷಿನಲ್ಲಿರುವುದರಿಂದ ಮೊದಲ ಕೆಲವು ತಿಂಗಳು ತಡವರಿಸುವುದು ಸಹಜ. ಅದು ಪದಗಳ ಕಷ್ಟ, ವಿಷಯದ ಕಷ್ಟವಲ್ಲ.

ಯಾವ ಯಾವ ಉದ್ಯೋಗಗಳು ಸಿಗುತ್ತವೆ?

ಸರ್ಕಾರದಲ್ಲಿ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಪಶುವೈದ್ಯಕೀಯ ಪರೀಕ್ಷಕರಂಥ ಹುದ್ದೆಗಳಿವೆ. ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲವಾದ್ದರಿಂದ ಅದನ್ನೊಂದೇ ನಂಬಿ ಕುಳಿತವರ ಹಲವು ವರ್ಷ ಕಾಯುವುದರಲ್ಲೇ ಕಳೆಯಬಹುದು. ಕರ್ನಾಟಕ ಹಾಲು ಮಹಾಮಂಡಳದ ಜಿಲ್ಲಾ ಒಕ್ಕೂಟಗಳು, ಮನೆ ಬಾಗಿಲಿಗೆ ಗರ್ಭಧಾರಣಾ ಸೇವೆ ಒಯ್ಯುವ ಬೈಫ್‌ನಂಥ ಸಂಸ್ಥೆಗಳು, ಖಾಸಗಿ ಡೇರಿ ಮತ್ತು ಕುರಿ ಫಾರ್ಮ್‌ಗಳ ಮೇಲ್ವಿಚಾರಣೆ, ಕೋಳಿ ಕಂಪನಿಗಳ ಕ್ಷೇತ್ರ ಕೆಲಸ, ಪಶು ಆಹಾರದ ಮಾರಾಟ ಉಳಿದ ದಾರಿಗಳು. ಖಾಸಗಿ ಫಾರ್ಮಿನಲ್ಲಿ ಸೇರುವವರು ಸಂಬಳದ ಜೊತೆಗೆ ವಸತಿ, ರಜೆ ಮತ್ತು ರಾತ್ರಿ ಕರು ಹಾಕುವ ಹೊತ್ತಿನ ಹೊಣೆ ಯಾರದು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು.

ಸ್ವಂತ ಫಾರ್ಮ್ ಆರಂಭಿಸುವವರಿಗೆ ನೆರವಿದೆಯೇ?

ರಾಷ್ಟ್ರೀಯ ಜಾನುವಾರು ಮಿಷನ್‌ನ ಉದ್ಯಮಶೀಲತಾ ಯೋಜನೆಯಲ್ಲಿ ಬಂಡವಾಳದ ಶೇ. 50ರಷ್ಟು ಸಹಾಯಧನವಿದ್ದು, 500 ಹೆಣ್ಣು ಮತ್ತು 25 ಗಂಡುಗಳ ಕುರಿ ಅಥವಾ ಮೇಕೆ ಘಟಕಕ್ಕೆ ಗರಿಷ್ಠ 50 ಲಕ್ಷ, 100 ಹೆಣ್ಣು ಮತ್ತು 10 ಗಂಡುಗಳ ಹಂದಿ ಘಟಕಕ್ಕೆ 30 ಲಕ್ಷ, ಗ್ರಾಮೀಣ ಕೋಳಿ ಘಟಕಕ್ಕೆ 25 ಲಕ್ಷ ರೂಪಾಯಿ ಮಿತಿಯನ್ನು ಯೋಜನೆ ನಿಗದಿಪಡಿಸಿತು. ಅರ್ಜಿ ಹಾಕುವ ಮುನ್ನ ಆಗ ಜಾರಿಯಲ್ಲಿರುವ ಮಾರ್ಗಸೂಚಿಯನ್ನು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ ತಿಳಿಯಬೇಕು. ದಿನನಿತ್ಯದ ಖರ್ಚಿಗೆ ಬೇಕಾದ ದುಡಿಮೆ ಬಂಡವಾಳಕ್ಕೆ ಕಿಸಾನ್ ಕ್ರೆಡಿಟ್ ಕಾರ್ಡ್ ಪಶುಸಂಗೋಪನೆಗೂ ಅನ್ವಯಿಸುತ್ತದೆ.

ಆದರೆ ಸಹಾಯಧನದ ಗಾತ್ರ ನೋಡಿ ಹಿಂಡಿನ ಗಾತ್ರ ನಿರ್ಧರಿಸುವುದು ತಲೆಕೆಳಗಾದ ಕ್ರಮ. ಮೊದಲು ಮೇವಿನ ಹೊಲ ಮತ್ತು ನೀರು, ಆಮೇಲೆ ಮಾರುಕಟ್ಟೆ, ಆಮೇಲೆ ಕೊಟ್ಟಿಗೆ, ಕಡೆಗೆ ಪ್ರಾಣಿ. ಕಾಂಕ್ರೀಟ್ ಕೊಟ್ಟಿಗೆಗೆ ಅರ್ಧ ಬಂಡವಾಳ ಸುರಿದು, ಮೇವಿಲ್ಲದೆ ಮೊದಲ ಬೇಸಿಗೆಯಲ್ಲೇ ಹಸುಗಳನ್ನು ಮಾರಿದ ಫಾರ್ಮ್‌ಗಳು ಪ್ರತಿ ತಾಲ್ಲೂಕಿನಲ್ಲೂ ಕಾಣಸಿಗುತ್ತವೆ.

ಡಿಪ್ಲೊಮಾ ನಂತರ ಬಿ.ವಿ.ಎಸ್ಸಿ. ಓದಬಹುದೇ?

ಆ ಪದವಿಯ ಸಾಮಾನ್ಯ ದಾರಿ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಪ್ರವೇಶ ಪರೀಕ್ಷೆ ಬರೆಯುವುದು. ಪಶುವೈದ್ಯರಾಗುವುದೇ ಗುರಿಯಾಗಿದ್ದರೆ ಎಸ್ಸೆಸ್ಸೆಲ್ಸಿ ನಂತರ ನೇರವಾಗಿ ಪಿಯುಸಿಗೆ ಸೇರುವುದು ಮೇಲು, ಡಿಪ್ಲೊಮಾವನ್ನು ಅಡ್ಡದಾರಿ ಎಂದು ಆರಿಸಿಕೊಂಡರೆ ಎರಡು ವರ್ಷ ಕೈಬಿಡುತ್ತದೆ.

ಎರಡು ವರ್ಷ ಬಿಡುವಿಲ್ಲದ ರೈತರಿಗೆ ಬೇರೆ ಅವಕಾಶವಿದೆಯೇ?

ಕೃಷಿ ವಿಜ್ಞಾನ ಕೇಂದ್ರಗಳು ಮತ್ತು ಪಶುಪಾಲನಾ ಇಲಾಖೆಯ ತರಬೇತಿ ಕೇಂದ್ರಗಳು ಹೈನು, ಕುರಿ, ಕೋಳಿ ಸಾಕಣೆಯಲ್ಲಿ ಕೆಲವು ದಿನಗಳ ತರಬೇತಿ ಕೊಡುತ್ತವೆ. ಪಿಯುಸಿ ಮುಗಿಸಿ ಹಾಲಿನ ಸಂಸ್ಕರಣೆಯತ್ತ ಒಲವಿರುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಡೇರಿ ತಂತ್ರಜ್ಞಾನ ಡಿಪ್ಲೊಮಾ ದೂರಶಿಕ್ಷಣದಲ್ಲಿ ಲಭ್ಯವಿದೆ, ಆದರೆ ಅದು ಕೊಟ್ಟಿಗೆಯ ಓದಲ್ಲ, ಹಾಲು ಕ್ಯಾನಿಗೆ ಬಿದ್ದ ನಂತರದ ಓದು. ಅಲ್ಪಾವಧಿ ತರಬೇತಿಯ ಪ್ರಮಾಣಪತ್ರ ಬ್ಯಾಂಕಿನಲ್ಲಿ ಸಾಲ ಕೇಳುವಾಗ ನೆರವಾಗಬಹುದು. ಅದು ಲಸಿಕೆ ಹಾಕುವ ಅಥವಾ ಚಿಕಿತ್ಸೆ ನೀಡುವ ಅಧಿಕಾರವನ್ನು ಕೊಡುವುದಿಲ್ಲ.